ಚೆಲ್ಲಮ್ಮನ ಗಂಟು ಟೇಪು

ಸೇಲಂ ಕಡೆಯ ಮೇಚೇರಿಯ ಟೈಲರ್ ನಾರಪ್ಪನಿಗೆ ಹೊಟ್ಟೆಕಿಚ್ಚು ಹುಟ್ಟಿನಿಂದಲೇ ಬಂದದ್ದು. ಬೇರೆಯವರಿಗೆ ಹಸಿವು, ನಿದ್ದೆ ಬರುವ ಹಾಗೆ ಅವನಿಗೆ ಅದು ಹೊತ್ತಿಗೆ ಸರಿಯಾಗಿ ಬರುತ್ತಿತ್ತು. ಅಣ್ಣನ ಕುರಿ ಅವಳಿ ಮರಿ ಹಾಕಿದರೆ ಉರಿ. ಬಸ್ ನಿಲ್ದಾಣದ ಟೈಲರು ಬೋರ್ಡಿಗೆ ಬಣ್ಣ ಬಳಿಸಿದರೆ ಉರಿ. ಪಕ್ಕದ ಮನೆಯ ಸಾರಿನ ಒಗ್ಗರಣೆ ಘಮ್ಮೆಂದರೂ ಉರಿ. ಆದರೆ ಇದೆಲ್ಲ ಸಂಜೆ ಏರಿ ಬೆಳಗಾಗುವುದರೊಳಗೆ ಇಳಿದುಹೋಗುವ ಜ್ವರ. ಅಂಥವನನ್ನು ಊರಿನವರು ನೋಡಿ ನಕ್ಕು ಸುಮ್ಮನಾಗುತ್ತಾರೆ. ಕಟ್ಟಿಕೊಂಡ ಹೆಂಡತಿಯ ಮೇಲೆ ಹುಟ್ಟಿದ್ದು ಮಾತ್ರ ಇಳಿಯುವ ಜಾತಿಯದಾಗಿರಲಿಲ್ಲ. ಅದನ್ನು ನೋಡಿ ನಗುವ ಹಾಗೂ ಇರಲಿಲ್ಲ.

ನಾರಪ್ಪನ ಅಪ್ಪ, ತಾತ ಇಬ್ಬರೂ ಕುರಿಯ ಹಿಂದೆ ಅಲೆದು ಕಾಲು ಸವೆಸಿದವರು. ನಾರಪ್ಪನಿಗೆ ಅದು ಒಗ್ಗಲಿಲ್ಲ. ಮೆಟ್ಟೂರಿನಲ್ಲಿ ಒಬ್ಬ ತಮಿಳು ಟೈಲರನ ಕೈಕೆಳಗೆ ಕಾಜ ಹಾಕುತ್ತಾ, ಹುಕ್ಕು ಹೊಲಿಯುತ್ತಾ ಕೆಲಸ ಕಲಿತ. ಕಲಿತು ಬಂದವನೇ ಮೇಚೇರಿಯ ಸಂತೆ ಮೈದಾನಕ್ಕೆ ಹೋಗುವ ಬೀದಿಯಲ್ಲಿ, ಚೆಟ್ಟಿಯಾರರ ಜವಳಿ ಅಂಗಡಿಯ ಎದುರು, ಒಂದು ಜಗಲಿ ಹಿಡಿದು ಮಿಷನ್ನು ಹಾಕಿಕೊಂಡು ಕೂತ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು ಎಂದು ಬದುಕುವ ಸುತ್ತಲಿನ ಹಳ್ಳಿಯವರಿಗೆ ಅದು ದೊಡ್ಡ ಸಂಗತಿಯಾಯಿತು. ನಮ್ಮವನೊಬ್ಬ ಟೈಲರ್ ಆಗಿದ್ದಾನೆಂದು ಹೆಂಗಸರು ಬಟ್ಟೆಯನ್ನು ಕಂಕುಳಲ್ಲಿ ಇಟ್ಟುಕೊಂಡು ನಡೆದೇ ಬರುತ್ತಿದ್ದರು. "ಒಲ್ದ್ರೆ ನಾರಪ್ಪ ಒಲೀಬೇಕು" ಎಂದು ಯಾರಾದರೂ ಅಂದರೆ ಸಾಕು, ಮಿಷನ್ನಿನ ಗಾಲಿ ಬೇಕಿಲ್ಲದಿದ್ದರೂ ಎರಡು ಸುತ್ತು ಹೆಚ್ಚು ತಿರುಗುತ್ತಿತ್ತು. ಹೊಲ ಅಣ್ಣನ ಪಾಲಾಗಿತ್ತು, ಕುರಿಯೂ ಅಣ್ಣನದೇ. ನಾರಪ್ಪನಿಗೆ ಇದ್ದದ್ದು ಈ ಹೆಸರೊಂದೇ.

ಆ ಹೆಸರನ್ನು ಎಲ್ಲರಿಗಿಂತ ಹೆಚ್ಚು ನಂಬಿದ್ದವಳು ಹೆಂಡತಿ ಚೆಲ್ಲಮ್ಮ. ಸೋದರತ್ತೆಯ ಮಗಳು. ಮದುವೆಗೆ ಮೊದಲೂ ಅವಳು ಅವನನ್ನು ಮಾವ ಎನ್ನುತ್ತಿದ್ದಳು, ಆಮೇಲೂ ಮಾವನೇ. ಅವನ ಪಕ್ಕದಲ್ಲಿ ಕೂತು ಹೆಮ್ಮಿಂಗು ಮಾಡುತ್ತಾ ಹೊಲಿಗೆ ಅವಳಿಗೂ ಬಂದಿತ್ತು. ಕತ್ತರಿ ಮಾತ್ರ ಮುಟ್ಟುತ್ತಿರಲಿಲ್ಲ. ಅದು ಮಾವನ ಕೆಲಸ. ರವಿಕೆ ಬಿಗಿಯಾಯಿತೆಂದು ಯಾರಾದರೂ ಗೊಣಗಿದರೆ, "ನೀನೇ ಊದ್ಕೊಂಡಿದೀಯ ಕಣಕ್ಕ, ನಮ್ ಮಾವನ್ ಟೇಪು ತಪ್ಪಲ್ಲ" ಎಂದು ಬಾಯಿ ಮುಚ್ಚಿಸುತ್ತಿದ್ದಳು.

ಆದರೆ ಆ ಟೇಪು ಹೆಂಗಸರ ಮೈ ಮುಟ್ಟುವ ಹಾಗಿರಲಿಲ್ಲ. ಎಷ್ಟೇ ನಮ್ಮವನಾದರೂ ಗಂಡಸು ಗಂಡಸೇ. ಅವನು ಟೇಪು ಹಿಡಿದು ಒಂದು ಹೆಜ್ಜೆ ಮುಂದೆ ಬಂದರೆ ಅವರು ಎರಡು ಹೆಜ್ಜೆ ಹಿಂದೆ ಹೋಗುತ್ತಿದ್ದರು. ಅಳತೆಗೆಂದು ಹಳೆಯ ರವಿಕೆ ಕೊಟ್ಟುಹೋಗುವುದು ರೂಢಿ. ಆ ರವಿಕೆಯೋ, ಒಗೆದು ಒಗೆದು ಕುಗ್ಗಿದ್ದು, ಇಲ್ಲವೇ ಎರಡು ಹೆರಿಗೆಗೆ ಮುಂಚಿನದು. ರಾಮಕ್ಕ ಎಂಬಾಕೆ ಒಮ್ಮೆ ಹಾಗೆ ಕೊಟ್ಟು, ಹೊಲಿದದ್ದು ತೋಳಿಗೇ ಏರದೆ ಹೋದಾಗ ಸಂತೆಯ ದಿನ ಬೀದಿಯಲ್ಲಿ ನಿಂತು ಅವನ ಮಾನ ಹರಾಜು ಹಾಕಿದಳು.

"ಅಳ್ತೆ ಕೊಟ್ಟಿರ್ಲಿಲ್ವೇನೋ ನಿಂಗೆ?"

"ಕೊಟ್ಟಿದ್ದೆ ಕಣಕ್ಕ. ಅದು ನಿನ್ ಮದ್ವೆ ರವ್ಕೆ. ನೀನೀಗ ಅಜ್ಜಿ ಆಗಿದೀಯ!"

ಇನ್ನು ಮೈನೆರೆದ ಹುಡುಗಿಯರಿಗೆ ಹಳೆಯ ರವಿಕೆಯೇ ಇರುವುದಿಲ್ಲ. ತಾಯಿ ಮನೆಯಿಂದಲೇ ಎರಡು ಕೈ ಅಗಲಿಸಿಕೊಂಡು ಬಂದು "ಇಷ್ಟಿದಾಳೆ" ಎನ್ನುತ್ತಿದ್ದಳು. ದಾರಿಯಲ್ಲಿ ಕೆಮ್ಮು ಬಂದರೆ ಆ ಅಳತೆ ಒಂದು ಗೇಣು ಹೆಚ್ಚಾಗುತ್ತಿತ್ತು.

ಇದನ್ನೆಲ್ಲ ಮೂಲೆಯಲ್ಲಿ ಹುಕ್ಕು ಹಾಕುತ್ತಾ ನೋಡುತ್ತಿದ್ದ ಚೆಲ್ಲಮ್ಮನಿಗೆ ಒಂದು ಉಪಾಯ ಹೊಳೆಯಿತು. ಹೆಂಗಸರು ತಮ್ಮನ್ನು ತಾವೇ ಅಳೆದುಕೊಂಡರೆ? ಅಂಗಡಿಯ ಟೇಪನ್ನು ಅವರ ಕೈಗೆ ಕೊಟ್ಟು ನೋಡಿದಳು. ಒಬ್ಬರೇ ಹಿಡಿದರೆ ಒಂದು ತುದಿ ಬೆನ್ನ ಹಿಂದೆ ಜಾರುತ್ತಿತ್ತು. ಬಗ್ಗಿ ನೋಡಿದರೆ ಅಂಕಿ ತಲೆಕೆಳಗು. ನೆಟ್ಟಗಿದ್ದರೂ ಅಂಕಿ ಓದುವವರು ಯಾರು? ಹಾಗಾಗಿ ಅವಳು ತನ್ನದೇ ಒಂದು ಟೇಪು ಮಾಡಲು ಕೂತಳು. ಕೋರಾ ಬಟ್ಟೆಯನ್ನು ನೆನೆಸಿ ಒಣಗಿಸಿ, ಎಳೆದರೂ ಹಿಗ್ಗದ ಅಂಚಿನ ಭಾಗವನ್ನೇ ಉದ್ದಕ್ಕೆ ಸೀಳಿ, ಎರಡು ಪದರ ಸೇರಿಸಿ ಮಿಷನ್ನು ಓಡಿಸಿದಳು. ಒಂದು ತುದಿಗೆ ಹಿತ್ತಾಳೆಯ ಉಂಗುರ. ಇನ್ನೊಂದು ತುದಿಯನ್ನು ಅದರೊಳಗೆ ತೂರಿಸಿ ಎಳೆದರೆ ಟೇಪು ಮೈಯನ್ನು ತಾನೇ ತಬ್ಬಿಕೊಂಡು ನಿಲ್ಲುತ್ತಿತ್ತು. ಅಂಕಿಯ ಬದಲು ಇಂಚಿಗೊಂದು ಬಿಳಿ ಉಣ್ಣೆಯ ಗಂಟು, ಐದಕ್ಕೊಂದು ಕರಿಗಂಟು. ಅವಳಪ್ಪ ಮಂದೆಯ ಲೆಕ್ಕವನ್ನು ಹೀಗೆ ಹುರಿಯಲ್ಲಿ ಗಂಟು ಹಾಕಿ ಇಡುತ್ತಿದ್ದ. ಕರಿಗಂಟು ದಪ್ಪ, ಬಿಳಿಗಂಟು ಸಣ್ಣದು. ಸೆರಗಿನೊಳಗೆ ಕೈಯಾಡಿಸಿಯೇ ಎಣಿಸಬಹುದು, ಬೆಳಕೂ ಬೇಡ, ಅಕ್ಷರವೂ ಬೇಡ.

ನಾರಪ್ಪ ಅದನ್ನು ಎತ್ತಿ ಹಿಡಿದು ಹೊಟ್ಟೆ ಹಿಡಿದುಕೊಂಡು ನಕ್ಕ.

"ಏನ್ಲೇ ಚೆಲ್ಲಿ ಇದು, ಟಗರು ಕಟ್ಟೋ ಹಗ್ಗ ಇದ್ದಂಗೈತೆ?"

"ಇರ್ಲಿ ಮಾವ. ಒಂದ್ಸಲ ನೋಡಾಣ."

ಮೊದಲ ಟೇಪನ್ನು ಅವಳು ರಾಮಕ್ಕನಿಗೇ ಕೊಟ್ಟಳು. ಮುಂದಿನ ಸಂತೆಗೆ ರಾಮಕ್ಕ ಬಂದು, ಅತ್ತ ಇತ್ತ ನೋಡಿ, "ಎದೆ ಏಳು ಕರಿ ಒಂದು ಬಿಳಿ, ತೋಳು ಎಲ್ಡು ಕರಿ ಎಲ್ಡು ಬಿಳಿ" ಎಂದಳು. ನಾರಪ್ಪ ಮೂವತ್ತಾರು, ಹನ್ನೆರಡು ಎಂದು ಲೆಕ್ಕ ಹಾಕಿ ಕತ್ತರಿಸಿದ. ರವಿಕೆ ರಾಮಕ್ಕನ ಮೈಗೆ ಅಚ್ಚೊತ್ತಿದ ಹಾಗೆ ಕೂತಿತು. ಬಾಯಿ ಮಾಡಿಯೇ ಹೆಸರಾದವಳು ಹೊಗಳಲು ನಿಂತರೆ ಕೇಳಬೇಕೇ? ತಿಂಗಳೊಪ್ಪತ್ತಿನಲ್ಲಿ ಹಳ್ಳಿಹಳ್ಳಿಯಲ್ಲಿ ಒಂದೊಂದು ಗಂಟು ಟೇಪು ಬಾಗಿಲ ಗೂಟಕ್ಕೆ ನೇತುಬಿತ್ತು. ಒಂದು ಹಳ್ಳಿಗೆ ಒಂದು ಟೇಪು, ಮನೆಯಿಂದ ಮನೆಗೆ ಸಾಲ ಹೋಗುತ್ತಿತ್ತು. ಅಳತೆ ಕೊಡಲು ಹೆಂಗಸರು ಬರಬೇಕಾದ ಕೆಲಸವೂ ತಪ್ಪಿತು. ಕುರಿ ಹೊಡೆದುಕೊಂಡು ಸಂತೆಗೆ ಬರುವ ಗಂಡಸರ ಬಾಯಲ್ಲೇ ಹೇಳಿ ಕಳಿಸುತ್ತಿದ್ದರು. ಮೀಸೆ ಹುರಿ ಮಾಡಿದ ಮುದುಕರು ಜಗಲಿಯ ಮುಂದೆ ನಿಂತು, ಮರೆತುಹೋಗದಿರಲೆಂದು ಕಣ್ಣು ಮುಚ್ಚಿ, "ಆರು ಕರಿ ಎಲ್ಡು ಬಿಳಿ, ಐದು ಕರಿ ಮೂರು ಬಿಳಿ" ಎಂದು ಮಂತ್ರದ ಹಾಗೆ ಒಪ್ಪಿಸಿ ಹೋಗುತ್ತಿದ್ದರು. ಯಾವುದು ಎದೆ ಯಾವುದು ಸೊಂಟ ಅವರಿಗೆ ಗೊತ್ತಿರುತ್ತಿರಲಿಲ್ಲ, ಗೊತ್ತಾಗಬೇಕಾದ್ದೂ ಇರಲಿಲ್ಲ. ಮಾನವೂ ಉಳಿಯಿತು, ರವಿಕೆಯೂ ಕೂತಿತು.

ಕೆಲಸ ಹೆಚ್ಚಾಯಿತು. ಬೇರೆ ಗಂಡನಾಗಿದ್ದರೆ ಹೆಂಡತಿಗೆ ಹೂವು ತಂದು ಮುಡಿಸುತ್ತಿದ್ದ. ನಾರಪ್ಪನ ಮುಖ ದಿನದಿನಕ್ಕೆ ಹುಳ್ಳಗಾಯಿತು. ಬರುವವರು ಮೊದಲು ಅವನ ಮುಖ ನೋಡುತ್ತಿದ್ದರು. ಈಗ ಅವನ ಹೆಗಲ ಮೇಲಿಂದ ಒಳಗೆ ಇಣುಕುತ್ತಿದ್ದರು. ಒಂದು ದಿನ ಯಾರೋ ಹೊಸಬ ಬಂದು, ಮಿಷನ್ನಿನ ಮುಂದೆ ಕತ್ತರಿ ಹಿಡಿದು ಕೂತಿದ್ದ ಅವನನ್ನೇ ಕೇಳಿದ.

"ಯಣ್ಣಾ, ಚೆಲ್ಲಮ್ಮನ್ ಅಂಗ್ಡಿ ಎಲ್ಲೈತೆ?"

"ಅಂತಾದ್ಯಾವ್ದೂ ಈ ಬೀದೀಲಿಲ್ಲ. ಮುಂದಕ್ಕೋಗು."

ಅವನು ಪಾಪ, ಬೀದಿಯ ತುದಿಯವರೆಗೆ ಹೋಗಿ ವಿಚಾರಿಸಿಕೊಂಡು ಮತ್ತೆ ಅಲ್ಲಿಗೇ ಬಂದ. ಆ ದಿನ ನಾರಪ್ಪ ಹೊಲಿದ ಮೂರು ತೋಳುಗಳನ್ನು ಬಿಚ್ಚಿ ಮತ್ತೆ ಹೊಲಿಯಬೇಕಾಯಿತು.

ಉಪಾಯವನ್ನು ತನ್ನದು ಮಾಡಿಕೊಳ್ಳಲೂ ನೋಡಿದ. ಚೆಟ್ಟಿಯಾರರ ಮುಂದೆ, "ಗಂಟಾಕು ಅಂತ ಏಳ್ದೋನೇ ನಾನು" ಎಂದುಬಿಟ್ಟ. ಎಂದಮೇಲೆ, ಚೆಲ್ಲಮ್ಮ ಕೇಳಿಸಿಕೊಂಡು ಜಗಳ ತೆಗೆಯುತ್ತಾಳೆಂದು ಕಾದ. ಅವಳು ಸೂಜಿಯಿಂದ ಕಣ್ಣು ಕೂಡ ಎತ್ತದೆ, "ಊಂ, ಎಲ್ಲಾ ಮಾವಂದೇ" ಎಂದಳು. ಜಗಳವಾಡಿದ್ದರೆ ನಾರಪ್ಪನಿಗೆ ಸಮಾಧಾನವಾಗುತ್ತಿತ್ತು. ಇಷ್ಟು ದೊಡ್ಡದನ್ನು ಸಾರಿಗೆ ಉಪ್ಪು ಕೊಟ್ಟ ಹಾಗೆ ಎತ್ತಿ ಕೊಟ್ಟುಬಿಡುವ ಅವಳ ಗುಣ ಅವನ ಮೈಯೆಲ್ಲ ಉರಿಸಿತು.

ಎಪ್ಪತ್ತೊಂದರ ದೀಪಾವಳಿ ಕಳೆದ ಮೇಲೆ ಅವನು ನೂಲು, ಸೂಜಿ ತರಲು ಸೇಲಂಗೆ ಹೊರಟ. ಬಸ್ಸಿನಲ್ಲಿ ಕಂಡಕ್ಟರು ಟಿಕೆಟ್ ಹರಿದು ಕೊಡುತ್ತಾ ಅವನ ಮುಖವನ್ನೇ ನೋಡಿ ನಕ್ಕ.

"ನೀಂಗ ಟೈಲರಮ್ಮಾ ವೀಟುಕ್ಕಾರರ್ ತಾನೇ?"

ಟೈಲರಮ್ಮನ ಗಂಡ ನೀವೇ ಅಲ್ಲವೇ ಎಂದು ಕೇಳಿದ್ದು. ಹನ್ನೆರಡು ವರ್ಷ ಅದೇ ಬೀದಿಯಲ್ಲಿ ಬೆನ್ನು ಬಗ್ಗಿಸಿ ಹೊಲಿದವನು ಈಗ ಟೈಲರಮ್ಮನ ಗಂಡ! ನಾರಪ್ಪ ಸೇಲಂ ಬರುವ ತನಕ ಕಿಟಕಿಯ ಆಚೆ ಮುಖ ತಿರುಗಿಸಿ ಹಲ್ಲು ಕಡಿದ. ಅಂಗಡಿಯಲ್ಲಿ ನೂಲು, ಸೂಜಿಯ ಜೊತೆಗೆ, ಹಟಕ್ಕೆ ಬಿದ್ದು ಒಂದು ಹೊಸ ಟೇಪನ್ನೂ ಕೊಂಡ. ಮೇಣದ ಬಟ್ಟೆಯ, ಹಳದಿ ಬಣ್ಣದ, ಎರಡು ತುದಿಗೂ ತಗಡು ಕಟ್ಟಿದ, ಒಂದು ಕಡೆ ಇಂಚು ಇನ್ನೊಂದು ಕಡೆ ಸೆಂಟಿಮೀಟರ್ ಬರೆದ ಟೇಪು. ಅವಳ ಉಣ್ಣೆಗಂಟಿನ ಹಗ್ಗ ಇದರ ಮುಂದೆ ಎಲ್ಲಿ ನಿಂತೀತು ಎಂದುಕೊಂಡ.

ಮರುದಿನ ಬೆಳಿಗ್ಗೆ ಚೆಲ್ಲಮ್ಮ ನೀರಿಗೆ ಹೋಗಿದ್ದಾಗ ಅವನು ಹೊಸ ಟೇಪನ್ನು ಹಲಗೆಯ ಮೇಲೆ ಹಾಸಿದ. ಪಕ್ಕದಲ್ಲೇ ಅವನ ಹಳೆಯ ಟೇಪೂ ಬಿದ್ದಿತ್ತು. ಎರಡರ ತುದಿಯನ್ನೂ ಸೇರಿಸಿ ಎಳೆದ. ಹಳೆಯದರಲ್ಲಿ ಮೂವತ್ತಾರು ಇರುವಲ್ಲಿ ಹೊಸದು ಮೂವತ್ತೇಳು ತೋರಿಸುತ್ತಿತ್ತು. ಕಣ್ಣುಜ್ಜಿ ಮತ್ತೆ ನೋಡಿದ. ಮೂವತ್ತೇಳೇ. ಹನ್ನೆರಡು ವರ್ಷ ಕತ್ತಿನಲ್ಲಿ ನೇತು, ಬೆವರು ಕುಡಿದು, ಎಳೆಸಿಕೊಂಡು ಎಳೆಸಿಕೊಂಡು ಹಳೆಯ ಬಟ್ಟೆ ಟೇಪು ಹಿಗ್ಗಿಹೋಗಿತ್ತು. ಗಂಡಸರ ಮೈಯನ್ನು ಅಳೆದದ್ದೂ ಅದರಲ್ಲೇ, ಬಟ್ಟೆ ಕತ್ತರಿಸಿದ್ದೂ ಅದರಲ್ಲೇ. ತಪ್ಪಿಗೆ ತಪ್ಪು ಸರಿಹೋಗಿ ಯಾರಿಗೂ ತಿಳಿದಿರಲಿಲ್ಲ. ಚೆಲ್ಲಮ್ಮ ತನ್ನ ಗಂಟುಗಳನ್ನು ಹಾಕಿದ್ದೂ ಇದೇ ಹಿಗ್ಗಿದ ಟೇಪನ್ನು ಪಕ್ಕದಲ್ಲಿ ಇಟ್ಟುಕೊಂಡು. ಹಾಗಾಗಿ ಅವನು ಹಳೆಯದರಲ್ಲಿ ಕತ್ತರಿಸುವ ತನಕ ಎಲ್ಲವೂ ಸರಿ. ಹೊಸದರಲ್ಲಿ ಕತ್ತರಿಸಿದ ದಿನ, ಗಂಟಿನ ಅಳತೆಯ ರವಿಕೆಗಳೆಲ್ಲ ಒಂದೊಂದು ಇಂಚು ಬಿಗಿ.

ನ್ಯಾಯವಾಗಿ ಅವನು ಅವಳನ್ನು ಕರೆದು ತೋರಿಸಬೇಕಿತ್ತು. ಚೆಲ್ಲಮ್ಮ ತುಂಬಿದ ಕೊಡ ಇಳಿಸಿ "ಏನ್ಮಾವ ಅದು?" ಎಂದು ಕೇಳಿದಳು ಕೂಡ. ನಾರಪ್ಪ ಹೊಸ ಟೇಪನ್ನು ಸುರುಳಿ ಸುತ್ತಿ ಮಿಷನ್ನಿನ ಖಾನೆಗೆ ತಳ್ಳಿ "ಏನಿಲ್ಲ" ಎಂದ. ಆ ಕ್ಷಣಕ್ಕೆ ಅವನ ಮನಸ್ಸಿನಲ್ಲಿ ಕೆಡುಕೇನೂ ಇರಲಿಲ್ಲ ಎಂದು ಹೇಳಬಹುದು. ಹಳೆಯ ಟೇಪು ಹಾಳಾಗಿದೆ ಎಂದರೆ ತನ್ನ ಮರ್ಯಾದೆ ಹೋಗುತ್ತದೆ ಎಂಬ ಅಳುಕು ಅಷ್ಟೆ. ಕೆಡುಕು ಬಂದದ್ದು ಆಮೇಲೆ, ಪುಟ್ಟಪ್ಪನ ಜೊತೆ.

ಪುಟ್ಟಪ್ಪ ಚೆಲ್ಲಮ್ಮನ ಅಕ್ಕ ಚಿನ್ನಕ್ಕನ ಗಂಡ. ಊರು ಕಾರಿಮಂಗಲಂ ಪಕ್ಕದ ಹಳ್ಳಿ. ಸಂಕ್ರಾಂತಿ ಕಳೆದು ತೈ ತಿಂಗಳಲ್ಲಿ ಮಗಳು ಮಂಗಮ್ಮನ ಮದುವೆ ಗೊತ್ತಾಗಿತ್ತು. ಊಟಕ್ಕೆ ಮೇಚೇರಿ ಕುರಿಯೇ ಬೇಕೆಂದು ಅವನು ಸಂತೆಗೆ ಬಂದವನು, ಹೆಂಡತಿ ಕಟ್ಟಿಕೊಟ್ಟ ಬಟ್ಟೆಯ ಗಂಟನ್ನು ಜಗಲಿಗೆ ಇಳಿಸಿದ. ಚಿನ್ನಕ್ಕನಿಗೆ ಚೆಲ್ಲಮ್ಮ ಹಿಂದೆಯೇ ಒಂದು ಗಂಟು ಟೇಪು ಕಳಿಸಿದ್ದಳು.

"ತಡಿ, ಮರ್ತೋಗೋದ್ರಾಗೆ ಏಳ್ಬಿಡ್ತೀನಿ. ಮದ್ವೆ ಎಣ್ಣಿಗೆ ಆರು ಕರಿ ಒಂದು ಬಿಳಿ, ಐದು ಕರಿ ಒಂದು ಬಿಳಿ, ಎಲ್ಡು ಕರಿ. ಚಿನ್ನಕ್ಕನ್ಗೆ ಏಳು ಕರಿ..." ಎಂದು ಶುರು ಮಾಡಿ ಮನೆಯ ಹೆಂಗಸರೆಲ್ಲರದನ್ನೂ ಒಪ್ಪಿಸಿ ಉಸಿರು ಬಿಟ್ಟ. "ಧರ್ಮಪುರಿ ಬಸ್ಸತ್ತಿದಾಗಿಂದ ಇದೇ ಜಪ ನಂದು. ಪಕ್ದಲ್ ಕೂತಿದ್ದೋನು ಎದ್ದು ಬ್ಯಾರೆ ಸೀಟಿಗೋದ."

ಚೆಲ್ಲಮ್ಮ ಬಿದ್ದು ಬಿದ್ದು ನಕ್ಕಳು. ಪುಟ್ಟಪ್ಪ ನಾರಪ್ಪನ ಕಡೆ ತಿರುಗಿ ತೊಡೆ ತಟ್ಟಿ ಹೇಳಿದ.

"ಲೋ ನಾರ, ಪುಣ್ಯ ಮಾಡಿದೀಯ ಕಣೋ. ನಮ್ ಕಡೆ ಎಲ್ಲಾ ಈಗ ಚೆಲ್ಲಮ್ಮನ್ ಅಳ್ತೆ ಅಂತಾರೆ. ಒಲಿಯೋರು ಯಾರಾದ್ರೂ ಒಲೀಬೌದು, ಅಳ್ತೆ ಮುಖ್ಯ."

ಹೊಲಿಯುವವರು ಯಾರಾದರೂ ಹೊಲಿಯಬಹುದು! ಪುಟ್ಟಪ್ಪ ಕೆಟ್ಟವನಲ್ಲ, ಹೊಗಳುವ ಭರದಲ್ಲಿ ಬಾಯಿಗೆ ಬಂದದ್ದು ಅಂದ. ಆದರೆ ಆ ಮಾತು ನಾರಪ್ಪನ ಕಣ್ಣಿಗೆ ಮೆಣಸಿನ ಪುಡಿ ಎರಚಿದ ಹಾಗಾಯಿತು. ಅವರಿಬ್ಬರೂ ಕುರಿ ನೋಡಲು ಸಂತೆಗೆ ಹೋದ ಮೇಲೆ ಅವನು ಖಾನೆ ಎಳೆದು ಹಳದಿ ಟೇಪನ್ನು ಹೊರಗೆ ತೆಗೆದ.

ಮಂಗಮ್ಮನ ಕೆಂಪು ರೇಷ್ಮೆ ರವಿಕೆಯನ್ನು ಅವನು ಆ ಹೊಸ ಟೇಪಿನಲ್ಲೇ ಅಳೆದು ಕತ್ತರಿಸಿದ. ಉಳಿದವರದನ್ನೂ ಹಾಗೆಯೇ. ಇದರಲ್ಲಿ ತಪ್ಪೇನು ಎಂದು ತನಗೆ ತಾನೇ ವಾದ ಮಾಡಿದ. ಇಂಚು ಅಂದರೆ ಇಂಚು, ಸೇಲಂನಿಂದ ತಂದ ಹೊಸ ಟೇಪು, ಇದಕ್ಕಿಂತ ಸರಿಯಾದದ್ದು ಎಲ್ಲಿ ಸಿಕ್ಕೀತು? ರವಿಕೆ ಬಿಗಿಯಾದರೆ ಅದು ಗಂಟಿನ ತಪ್ಪು. ಆದರೆ ಮದುವೆಯ ಹುಡುಗಿ ರವಿಕೆಯಿಲ್ಲದೆ ಹಸೆಗೆ ಕೂರುವ ಹಾಗಾಗಬಾರದು, ಅಷ್ಟು ಪಾಪಿ ಅವನಲ್ಲ. ಅದಕ್ಕೂ ಅವನು ದಾರಿ ನೋಡಿಟ್ಟಿದ್ದ. ಯಾವಾಗಲೂ ಪಕ್ಕದ ಹೊಲಿಗೆಯಲ್ಲಿ ಅರ್ಧ ಇಂಚು ಬಟ್ಟೆ ಮಾತ್ರ ಒಳಗೆ ಬಿಡುವವನು, ಬಟ್ಟೆ ಉಳಿಸುವುದರಲ್ಲಿ ನಾರಪ್ಪನನ್ನು ಬಿಟ್ಟರಿಲ್ಲ ಎಂದು ಹೇಳಿಸಿಕೊಂಡವನು, ಈ ರವಿಕೆಗಳಲ್ಲಿ ಎರಡು ಬೆರಳಗಲ ಬಿಟ್ಟ. ಮದುವೆಯ ದಿನ ಹುಕ್ಕು ಕೂಡುವುದಿಲ್ಲ. ಚೆಲ್ಲಮ್ಮನ ಅಳತೆ ಕೈಕೊಟ್ಟಿತೆಂದು ಎಲ್ಲರೂ ಬಾಯಿ ಬಡಿದುಕೊಳ್ಳುತ್ತಾರೆ. ಆಗ ನಾರಪ್ಪ ಎದ್ದು, ಹೊಲಿಗೆ ಬಿಚ್ಚಿ, ಎಲ್ಲರ ಕಣ್ಣೆದುರು ಸರಿಮಾಡಿ ಕೊಡುತ್ತಾನೆ. ಒಲ್ದ್ರೆ ನಾರಪ್ಪನೇ ಒಲೀಬೇಕು ಎಂದು ಆಮೇಲೆ ಯಾರು ಹೇಳದೆ ಇರುತ್ತಾರೆ? ಇಷ್ಟೇ ಅವನಿಗೆ ಬೇಕಾಗಿದ್ದದ್ದು.

ಆ ರವಿಕೆಗಳಿಗೆ ಹುಕ್ಕನ್ನೂ ತಾನೇ ಹಾಕಿ, ಮುಂಚೆ ಯಾರೂ ತೊಟ್ಟು ನೋಡದಿರಲೆಂದು ಮದುವೆಗೆ ಹೊರಡುವಾಗಲೇ ಗಂಟು ಕಟ್ಟಿದ. ಅಂಗಿಯ ಜೇಬಿನಲ್ಲಿ ಸೂಜಿ, ಕೆಂಪು ನೂಲಿನ ಉಂಡೆ, ಹಳದಿ ಟೇಪು ಇಟ್ಟುಕೊಂಡ.

ಎಲ್ಲ ಅವನು ಎಣಿಸಿದ ಹಾಗೇ ಆಯಿತು. ಮುಹೂರ್ತದ ಬೆಳಿಗ್ಗೆ ಹೆಣ್ಣನ್ನು ಸಿಂಗರಿಸುತ್ತಿದ್ದ ಕೋಣೆಯಿಂದ ಗದ್ದಲ ಎದ್ದಿತು. ರವಿಕೆಯ ಮೇಲಿನ ಹುಕ್ಕು ಕೂಡಿದರೆ ಕೆಳಗಿನದು ಕೂಡದು. ಚಿನ್ನಕ್ಕ ಎರಡೂ ಅಂಚು ಹಿಡಿದು ಎಳೆದರೆ ಮಂಗಮ್ಮ ಉಸಿರು ಬಿಗಿಹಿಡಿದು ಅಳತೊಡಗಿದಳು. ಚಿನ್ನಕ್ಕ ತನ್ನದನ್ನು ತೊಡಲು ನೋಡಿದಳು, ಅದೂ ಬಿಗಿ. ಅವಳ ಅತ್ತಿಗೆಯದೂ ಬಿಗಿ.

"ಎಂತಾ ಅಳ್ತೆನೇ ನಿಂದು ಚೆಲ್ಲಿ! ಇಡೀ ಊರ್ ಮುಂದೆ ನಮ್ ಮಾನ ಕಳೆದ್ಯಲ್ಲೇ! ಆ ಗಂಟ್ ಟೇಪು ತಗೊಂಡೋಗಿ ಒಲೆಗಾಕು!"

ಚಪ್ಪರದ ಕೆಳಗೆ ಕೂತಿದ್ದ ನಾರಪ್ಪನಿಗೆ ಚಿನ್ನಕ್ಕನ ಈ ಕೂಗೆಲ್ಲ ಕೇಳಿಸಿತು. ಬೆಳಗಿನಿಂದ ಸೇರದ ಉಪ್ಪಿಟ್ಟು ಈಗ ರುಚಿಯಾಯಿತು. ಇನ್ನೊಂದು ಸ್ವಲ್ಪ ಅನ್ನಲಿ ಎಂದು ಎಲೆಯ ಮುಂದೆ ಆರಾಮವಾಗಿ ಕೂತ. ಯಾರಾದರೂ ಓಡಿ ಬಂದು ಕರೆಯುತ್ತಾರೆ ಎಂದು ಬಾಗಿಲ ಕಡೆ ನೋಡುತ್ತಲೇ ಇದ್ದ. ಯಾರೂ ಬರಲಿಲ್ಲ. ಬಹಳ ಹೊತ್ತಿನ ಮೇಲೆ ಚೆಲ್ಲಮ್ಮನೇ ಹಿತ್ತಿಲ ಬಾಗಿಲಲ್ಲಿ ನಿಂತು "ಮಾವ, ವಸಿ ಬಾ" ಎಂದಳು. ನಾರಪ್ಪ ಕೈ ತೊಳೆದು, ಜೇಬಿನ ಸೂಜಿ ಮುಟ್ಟಿ ನೋಡಿಕೊಂಡು, ಗತ್ತಿನಿಂದ ಎದ್ದ.

ಹಿತ್ತಿಲ ಕುರಿದೊಡ್ಡಿಯ ಪಕ್ಕ ಚೆಲ್ಲಮ್ಮ ಚಾಪೆ ಹಾಸಿಕೊಂಡು ಕೂತಿದ್ದಳು. ರವಿಕೆಯ ಎರಡು ಪಕ್ಕವನ್ನೂ ಅವಳೇ ಬಿಚ್ಚಿ, ಅವಳೇ ಹಿಗ್ಗಿಸಿ, ಅವಳೇ ಹೊಲಿದು ಮುಗಿಸುತ್ತಿದ್ದಳು. ಅವನು ಬಂದು ನಿಂತರೂ ಕೈ ನಿಲ್ಲಲಿಲ್ಲ. ಇನ್ನೂ ಬಿಚ್ಚದಿದ್ದ ಚಿನ್ನಕ್ಕನ ರವಿಕೆಯನ್ನು ಒಳಮಗ್ಗುಲು ಮಾಡಿ ಅವನ ಕಡೆ ತಳ್ಳಿದಳು.

"ಇಷ್ಟ್ ಬಟ್ಟೆ ಯಾಕ್ ಬಿಟ್ಟೆ ಮಾವ?"

"ರೇಷ್ಮೆ ಅಲ್ವ... ಇರ್ಲಿ ಅಂತ."

"ಚಿನ್ನಕ್ಕಂದು ರೇಷ್ಮೆ ಅಲ್ಲ, ನೂಲು. ಅತ್ತಿಗೇದೂ ನೂಲು. ಎಲ್ಲಾದ್ರಲ್ಲೂ ಎಲ್ಡು ಬೆರಳು. ಅರ್ಧ ಇಂಚಿಗಿಂತ ಜಾಸ್ತಿ ನೀನು ಯಾವತ್ತೂ ಬಿಟ್ಟೋನಲ್ಲ." ಈಗ ಸೂಜಿ ನಿಂತಿತು. "ಬಿಗಿ ಆಗ್ತೈತೆ ಅಂತ ನಿಂಗೆ ಮೊದ್ಲೇ ಗೊತ್ತಿತ್ತು."

ಸಿಕ್ಕಿಬಿದ್ದವನಿಗೆ ಸಿಟ್ಟು ಬರುತ್ತದೆ, ನಾರಪ್ಪನಿಗೂ ಬಂತು. ಜೇಬಿನಿಂದ ಹಳದಿ ಟೇಪು ತೆಗೆದು ಚಾಪೆಯ ಮೇಲೆ ಎಸೆದ.

"ಔದು, ಗೊತ್ತಿತ್ತು! ನಿನ್ ಗಂಟೇ ತಪ್ಪು. ಬೇಕಾದ್ರೆ ಇದ್ರ ಮ್ಯಾಲಿಟ್ಟು ನೋಡು. ಊರೂರೆಲ್ಲಾ ಚೆಲ್ಲಮ್ಮನ್ ಅಳ್ತೆ, ಚೆಲ್ಲಮ್ಮನ್ ಅಳ್ತೆ ಅಂತ ಕುಣೀತಾರಲ್ಲ, ಅದು ತಪ್ಪಳ್ತೆ!"

ಚೆಲ್ಲಮ್ಮ ಚಿನ್ನಕ್ಕನ ಮನೆಯ ಗಂಟು ಟೇಪನ್ನು ಹೊಸದರ ಪಕ್ಕ ಎಳೆದು ಹಿಡಿದು ನೋಡಿದಳು. ಏಳನೆಯ ಕರಿಗಂಟಿನ ಪಕ್ಕದ ಬಿಳಿಗಂಟು ಎಲ್ಲಿ ಬಂತೆಂದು ಬೆರಳಿಟ್ಟಳು. ಅವಳಿಗೆ ಎಲ್ಲ ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಅಳುತ್ತಾಳೆ, ಇಲ್ಲವೇ ಕೂಗಾಡುತ್ತಾಳೆ ಎಂದು ನಾರಪ್ಪ ನಿಂತೇ ಇದ್ದ.

"ನಾನು ನಿನ್ ಟೇಪ್ ಇಟ್ಕೊಂಡು ಗಂಟಾಕ್ದೆ ಮಾವ" ಎಂದಳು, ಮೆಲ್ಲಗೆ. "ಬ್ಯಾರೆ ಯಾವ್ದರ ಮ್ಯಾಲಾದ್ರೂ ಇಟ್ಟು ನೋಡ್ಬೇಕು ಅಂತ ನಂಗೆ ತೋಚ್ಲೇ ಇಲ್ಲ. ನಿಂದು ತಪ್ಪಿರ್ತೈತೆ ಅಂತ ನಾನ್ ಯಾಕ್ ಅನ್ಕೋತೀನಿ?"

ಒಳಗಿನಿಂದ ಕರೆದರು. ಅವಳು ನೂಲು ಕಡಿದು, ರವಿಕೆ ಎತ್ತಿಕೊಂಡು ಹೋದಳು. ಹುಕ್ಕುಗಳೆಲ್ಲ ಕೂಡಿದವು, ಮುಹೂರ್ತವೂ ತಪ್ಪಲಿಲ್ಲ. ಚಿನ್ನಕ್ಕ ಮತ್ತೆ ಬೈಯಲು ಬಂದಾಗ ಚೆಲ್ಲಮ್ಮ, "ಹಳೇ ಟೇಪು ಇಗ್ಗೋಗಿತ್ತು ಕಣಕ್ಕ, ನೋಡ್ಕಂಡಿರ್ಲಿಲ್ಲ" ಎಂದಷ್ಟೇ ಹೇಳಿದಳು. ಯಾರ ಟೇಪು, ಯಾರ ಕಣ್ಣಿಗೆ ಮೊದಲು ಬಿತ್ತು ಎಂದು ಒಂದು ಮಾತಿಲ್ಲ. ಊಟದ ಪಂಕ್ತಿಯಲ್ಲಿ ಯಾರೋ ಹೆಂಗಸು, "ಪುಣ್ಯಕ್ಕೆ ನಾರಪ್ಪ ಒಳಗೆ ಬಟ್ಟೆ ಬಿಟ್ಟಿದ್ದ ನೋಡು, ಟೈಲರ್ ಅಂದ್ರೆ ಅವನು" ಎಂದಳು. ಎರಡು ವರ್ಷದಿಂದ ಅವನು ಕಾದಿದ್ದ ಮಾತು ಅದು. ಅವನು ಅರ್ಧ ಊಟಕ್ಕೇ ಎಲೆ ಮಡಚಿ ಎದ್ದ.

ಮೇಚೇರಿಗೆ ಬಂದ ಮೇಲೆ ಚೆಲ್ಲಮ್ಮ ಜಗಳವನ್ನೂ ಆಡಲಿಲ್ಲ, ಮಾತನ್ನೂ ಬಿಡಲಿಲ್ಲ. ಅನ್ನ ಬಡಿಸಿದಳು, ಹುಕ್ಕು ಹಾಕಿದಳು. ಸಂತೆಗೆ ಬಂದವರಿಗೆಲ್ಲ ಹೇಳಿ ಕಳಿಸಿ ಹಳ್ಳಿಹಳ್ಳಿಯ ಟೇಪುಗಳನ್ನು ತರಿಸಿಕೊಂಡು, ಒಂದೊಂದರ ಗಂಟನ್ನೂ ಉಗುರಿನಿಂದ ಬಿಡಿಸಿ ಗುಡ್ಡೆ ಹಾಕಿದಳು. ಇನ್ನು ಹೊಸದಾಗಿ ಗಂಟು ಹಾಕಬೇಕು. ನಾರಪ್ಪ ಇದಕ್ಕೇ ಕಾದಿದ್ದ. ಹಳೆಯ ಟೇಪನ್ನು ಎಂದೋ ಒಲೆಗೆ ಹಾಕಿದ್ದ. ಹಳದಿ ಟೇಪನ್ನು ಕತ್ತಿನಿಂದ ತೆಗೆದು ಅವಳ ಮುಂದೆ ಹಿಡಿದ. ಇಷ್ಟು ಮೆತ್ತಗಿನ ದನಿಯಲ್ಲಿ ಅವನು ಅವಳೊಡನೆ ಮದುವೆಯಾದ ಹೊಸತರಲ್ಲೂ ಮಾತಾಡಿರಲಿಲ್ಲ.

"ತಗಾ ಚೆಲ್ಲಮ್ಮ. ಇದ್ರ ಮ್ಯಾಲಾಕು. ಇದು ಸರಿ ಐತೆ."

ಚೆಲ್ಲಮ್ಮ ತೆಗೆದುಕೊಂಡಳು. ಸೆರಗು ಸರಿಮಾಡಿಕೊಂಡು ಎದ್ದು, ಬೀದಿ ದಾಟಿ ಚೆಟ್ಟಿಯಾರರ ಜವಳಿ ಅಂಗಡಿಗೆ ಹೋದಳು. ಬಟ್ಟೆ ಅಳೆಯುವ ಕಬ್ಬಿಣದ ಮೀಟರ್ ಕಡ್ಡಿ, ತುದಿಯಲ್ಲಿ ಸರ್ಕಾರದ ಮುದ್ರೆ ಒತ್ತಿದ್ದು, ಅಲ್ಲಿ ಇತ್ತು. ಅದನ್ನು ಕೇಳಿ ಪಡೆದು, ಗಂಡ ಕೊಟ್ಟ ಟೇಪಿನ ಸೆಂಟಿಮೀಟರ್ ಮಗ್ಗುಲನ್ನು ಅದರ ಮೇಲೆ ಉದ್ದಕ್ಕೂ ಹಾಸಿ, ಬಗ್ಗಿ, ಮೊದಲ ತುದಿ ನೋಡಿದಳು, ಕಡ್ಡಿ ಮುಗಿಯುವಲ್ಲಿ ಸರಿಯಾಗಿ ನೂರು ಬಂತೇ ಎಂದು ನೋಡಿದಳು. ಎದುರು ಜಗಲಿಯಲ್ಲಿ ಕೂತು ನಾರಪ್ಪ ಎಲ್ಲ ನೋಡುತ್ತಿದ್ದ. ವಾಪಸ್ ಬಂದು, "ಊಂ, ಸರಿ ಐತೆ ಮಾವ" ಎಂದು ಗಂಟು ಹಾಕಲು ಕೂತಳು. ದನಿಯಲ್ಲಿ ಮುನಿಸಿರಲಿಲ್ಲ.

ಆಮೇಲಿನ ವರ್ಷಗಳಲ್ಲಿ ಗಂಟು ಟೇಪು ಶಂಕಗಿರಿಯ ಆಚೆಗೂ ಹೋಯಿತು. ಅದನ್ನು ಜನ ಚೆಲ್ಲಮ್ಮನ ಅಳತೆ ಎಂದರೂ, ಅಂಗಡಿಯನ್ನು ಚೆಲ್ಲಮ್ಮನ ಅಂಗಡಿ ಎಂದರೂ ನಾರಪ್ಪ ಅಷ್ಟಾಗಿ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಅವನ ಹೊಟ್ಟೆಯ ಉರಿ ಈಗ ಆ ಕಡ್ಡಿಯ ಮೇಲಿತ್ತು. ಅವನು ಹೊಸ ಟೇಪು ತಂದಾಗಲೆಲ್ಲ ಚೆಲ್ಲಮ್ಮ ಬೀದಿ ದಾಟುತ್ತಿದ್ದಳು, ಅದರ ಮೇಲೆ ಇಟ್ಟು ನೋಡುತ್ತಿದ್ದಳು, ಅದು ಹೂಂ ಎಂದರೆ ಮಾತ್ರ ಸೂಜಿ ಹಿಡಿಯುತ್ತಿದ್ದಳು. ಮನುಷ್ಯರಾದರೆ ಬೈಯಬಹುದು, ಚಾಡಿ ಹೇಳಬಹುದು. ಬಾಯಿಲ್ಲದ ಕಬ್ಬಿಣದ ತುಂಡನ್ನು ಏನು ಮಾಡುವುದು? ಇಡೀ ದಿನ ಅದು ಎದುರಂಗಡಿಯ ಹಲಗೆಯ ಮೇಲೆ ಹೊಳೆಯುತ್ತಾ ಬಿದ್ದಿರುತ್ತಿತ್ತು. ಕೊನೆಗೊಂದು ದಿನ ನಾರಪ್ಪ ಎದ್ದು, ಮಿಷನ್ನನ್ನು ಒಬ್ಬನೇ ಎಳೆದಾಡಿ, ಬೀದಿಗೆ ಬೆನ್ನು ಹಾಕಿ ಗೋಡೆಯ ಕಡೆ ತಿರುಗಿಸಿಕೊಂಡ. ಆ ಕಡೆ ಬೆಳಕು ಸಾಲದು, ಸೂಜಿಗೆ ನೂಲು ಪೋಣಿಸಲೂ ಕಷ್ಟ. ಆದರೂ ಅವನು ಅಲ್ಲೇ ಕೂತು ಹೊಲಿದ.